ಎಂಬತ್ತೆಂಟು ಪಾಯಿಂಟ್ ಒಂದು

2007 ಅಕ್ಟೋಬರ್ 1, ಸೋಮವಾರ

ಇವತ್ತು ಕೆಲಸಕ್ಕೆ ಹೋದೆ. ಇನ್ನೊಂದು ವಾರ ರಜೆ ತೆಗೆದುಕೋ ಎಂದು ಪೋಸ್ಟ್‌ಮಾಸ್ಟರ್ ರೋಲಿ ಹೇಳಿದ್ದ. ಮನೆಯಲ್ಲಿ ಕೂತು ಏನು ಮಾಡಲಿ? ಅಣ್ಣ ಲೀಲಂಡನ ಖಾಲಿ ಕುರ್ಚಿ ನೋಡುತ್ತಾ ಕೂರಲೇ? ಫ್ರಿಜ್ಜಿನಲ್ಲಿ ಊರವರು ತಂದುಕೊಟ್ಟ ಹನ್ನೊಂದು ಪಾತ್ರೆಗಳಿವೆ. ಎಲ್ಲದರಲ್ಲೂ ಆಲೂಗಡ್ಡೆ, ಎಲ್ಲದರ ತಳದಲ್ಲೂ ಹೆಸರು ಬರೆದ ಟೇಪು. ಅಣ್ಣ ಸತ್ತರೆ ತಂಗಿ ತಿಂಗಳುಗಟ್ಟಲೆ ಆಲೂಗಡ್ಡೆ ತಿನ್ನಬೇಕು ಎನ್ನುವುದು ಈ ಊರಿನ ಕಾನೂನು.

ಈ ನೋಟ್‌ಬುಕ್ಕು ಲೀಲಂಡನದು. ಅವನು ಮೂವತ್ತೊಂದು ವರ್ಷ ದುಡಿದ ಧಾನ್ಯದ ಗೋದಾಮಿನವರು ಪ್ರತಿ ಕ್ರಿಸ್‌ಮಸ್ಸಿಗೆ ಒಂದೊಂದು ಕೊಡುತ್ತಿದ್ದರು. ಅವನು ಒಂದರಲ್ಲೂ ಒಂದಕ್ಷರ ಬರೆದವನಲ್ಲ. ನನಗೆ ಯಾರ ಹತ್ತಿರವೂ ಹೇಳಲಾಗದ್ದು ಒಂದಿದೆ, ಅದನ್ನು ಇಲ್ಲಿ ಬರೆದುಬಿಡುತ್ತೇನೆ.

ಕಳೆದ ಬುಧವಾರ ಬೆಳಿಗ್ಗೆ ನಾವಿಬ್ಬರೂ ರೇಡಿಯೋಗಾಗಿ ಜಗಳವಾಡಿದೆವು. ನಾನು ಐವತ್ತೊಂಬತ್ತರವಳು, ಅವನು ಅರವತ್ತಾರರವನು. ಇಬ್ಬರಿಗೂ ಮದುವೆಯಿಲ್ಲ, ಮಕ್ಕಳಿಲ್ಲ. ಜಗಳವಾಡಲು ಇದ್ದದ್ದು ಅದೊಂದೇ ಸ್ಯಾಟಲೈಟ್ ರೇಡಿಯೋ. ಅಂಗೈಯಷ್ಟು ಡಬ್ಬಿ. ಕೂರಿಸಲು ಕಾರಿನಲ್ಲಿ ಒಂದು ಸ್ಟ್ಯಾಂಡು, ಅಡುಗೆಮನೆಯ ದಕ್ಷಿಣದ ಕಿಟಕಿಯಲ್ಲಿ ಒಂದು ಸ್ಟ್ಯಾಂಡು. ಹಗಲು ನನ್ನ ಜೊತೆ ಕಾರಿನಲ್ಲಿ ಅಂಚೆ ಹಂಚುವ ದಾರಿಯಲ್ಲಿ, ಸಂಜೆ ಅವನ ಜೊತೆ ಮನೆಯಲ್ಲಿ, ಇದು ಒಪ್ಪಂದ.

"ಇವತ್ತೊಂದು ದಿನ ಬಿಟ್ಟು ಹೋಗೇ ಮಾರ್ಲಿಸ್. ಮಧ್ಯಾಹ್ನ ಬೇಸ್‌ಬಾಲ್ ಇದೆ. ಈ ವರ್ಷ ಇನ್ನು ಮಧ್ಯಾಹ್ನದ ಆಟ ಇಲ್ಲ" ಎಂದ.

"ನಿನ್ನ ತಂಡ ಹೇಗೂ ಸೋಲತ್ತೆ. ಸೋಲೋದನ್ನ ಕೇಳೋಕೆ ಡಬ್ಬಿ ಬೇರೆ ಬೇಕಾ ನಿಂಗೆ?" ಎಂದು ಕಿತ್ತುಕೊಂಡು ಹೊರಟೆ.

"ಹೋಗು, ಹೋಗು. ನನ್ನ ಕಿವೀನೂ ಕಿತ್ಕೊಂಡು ಹೋಗು, ಅಂಚೆ ರಾಣಿ!"

ಅದೇ ಅವನ ಕೊನೆಯ ಮಾತು.

ಮೂರು ಗಂಟೆಗೆ ಬಂದಾಗ ಕುರ್ಚಿಯಲ್ಲಿ ಹೋಗಿಬಿಟ್ಟಿದ್ದ. ಕೈ ಇನ್ನೂ ಬೆಚ್ಚಗಿತ್ತು. ಪಕ್ಕದಲ್ಲಿ ಅಡುಗೆಮನೆಯ ಹಳೇ ರೇಡಿಯೋ ಜೋರಾಗಿ ಸುಯ್ಯೆನ್ನುತ್ತಿತ್ತು. ಸ್ಯಾಟಲೈಟ್ ಡಬ್ಬಿಗೆ ಸ್ವಂತ ದನಿಯಿಲ್ಲ. ಆಕಾಶದಿಂದ ಹಿಡಿದದ್ದನ್ನು ಎಫ್.ಎಂ. ಎಂಬತ್ತೆಂಟು ಪಾಯಿಂಟ್ ಒಂದರಲ್ಲಿ ಬಿಡುತ್ತದೆ, ಹತ್ತಿರದ ರೇಡಿಯೋ ಅದನ್ನು ಹಿಡಿದು ಹಾಡುತ್ತದೆ. ಡಬ್ಬಿ ನನ್ನ ಜೊತೆ ಹೋದರೆ ಮನೆಯ ರೇಡಿಯೋದಲ್ಲಿ ಏನು ಬರುತ್ತದೆ? ಏನೂ ಇಲ್ಲ. ಕಿಟಕಿಯಲ್ಲಿ ಖಾಲಿ ಸ್ಟ್ಯಾಂಡು, ಎದುರಿಗೆ ಅವನು. ಕಾಫಿ ಯಂತ್ರಕ್ಕೆ ನೀರು, ಪುಡಿ ಹಾಕಿಟ್ಟಿದ್ದ, ಸ್ವಿಚ್ಚು ಒತ್ತಿರಲಿಲ್ಲ.

ನನ್ನನ್ನು ಹಂಗಿಸಲೆಂದೇ ಆ ಖಾಲಿ ರೇಡಿಯೋ ಹಾಕಿಕೊಂಡು ಕೂತಿದ್ದನೋ ಏನೋ. 'ನೋಡು, ಇದನ್ನೇ ಕೇಳ್ತಾ ಕೂತಿದೀನಿ' ಎನ್ನಲು. ಹಾಗೆ ಕೂತೇ ಸತ್ತ. ಒಂದು ಆಟವನ್ನು ಅವನಿಗೆ ಬಿಟ್ಟುಹೋಗಲು ನನ್ನಿಂದ ಆಗಲಿಲ್ಲ.

ಅಕ್ಟೋಬರ್ 9, ಮಂಗಳವಾರ

ಡಬ್ಬಿ ಕಾರಿನಲ್ಲೇ ಇದೆ. ಹಾಕುವುದಿಲ್ಲ. ನೂರ ಆರು ಮೈಲಿ, ರಸ್ತೆಬದಿಯಲ್ಲಿ ಮನೆಗೊಂದರಂತೆ ಇನ್ನೂರ ಹದಿನಾಲ್ಕು ಅಂಚೆಪೆಟ್ಟಿಗೆ, ಚಕ್ರದ ಸದ್ದು ಮಾತ್ರ. ಹಾಡಿಲ್ಲದಿದ್ದರೆ ನಿದ್ದೆ ಬರುತ್ತದೆ ಎಂದು ಲೀಲಂಡನ ಹತ್ತಿರ ವರ್ಷಗಟ್ಟಲೆ ಹೇಳಿಕೊಂಡು ಬಂದೆ. ಈಗ ಬರುವುದೂ ಇಲ್ಲ. ಆ ಮಾತೂ ಸುಳ್ಳಾಯಿತು.

ಬೆಳಿಗ್ಗೆ ಅಂಚೆಕಚೇರಿಯ ಹಿಂದೆ ಕಾಗದದ ಪೆಟ್ಟಿಗೆಗಳನ್ನು ಕಾರಿಗೆ ತುಂಬುತ್ತಿದ್ದಾಗ ರೋಲಿ ಬಂದ.

"ಏನಮ್ಮಾ, ಹಾಡು ನಿಲ್ಲಿಸಿಬಿಟ್ಟಿದೀಯ? ನಿನ್ನ ಪಕ್ಕ ಟ್ರಕ್ ನಿಲ್ಸಿದ್ರೆ ನಂಗೆ ಪುಕ್ಕಟೆ ಹಾಡು ಸಿಗ್ತಿತ್ತು."

"ಕೆಟ್ಟಿದೆ."

"ತಾ, ನಾನು ನೋಡ್ತೀನಿ."

"ನೀನು ಮುಟ್ಟಿದ್ರೆ ಪೂರ್ತಿ ಕೆಡತ್ತೆ. ಆ ಕಡೆ ಹೋಗು."

ನಕ್ಕುಕೊಂಡು ಹೋದ. ಒಳ್ಳೆಯವನೇ. ಯಾಕೋ ಸಿಟ್ಟು ಬಂತು.

ಅಕ್ಟೋಬರ್ 24, ಬುಧವಾರ

ಹತ್ತು ಪಾತ್ರೆ ತೊಳೆದು ವಾಪಸು ಕೊಟ್ಟಾಯಿತು. ಉಳಿದದ್ದು ಓಪಲ್ ಲಿಂಡಾಲ್ ಅವರದೊಂದು. ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟುಕೊಂಡು ದಿನವೂ ಅವರ ಮನೆಯ ಮುಂದೆ ಹಾದು ಹೋಗುತ್ತೇನೆ. ಎಂಬತ್ತನಾಲ್ಕು ವರ್ಷ, ಒಬ್ಬರೇ ಇದ್ದಾರೆ, ಕಣ್ಣು ಅಷ್ಟಕ್ಕಷ್ಟೆ. ಬಾಗಿಲು ತಟ್ಟಿದರೆ ಒಳಗೆ ಕರೆಯುತ್ತಾರೆ, ಕಾಫಿ ಕೊಡುತ್ತಾರೆ, ಲೀಲಂಡನ ಮಾತು ತೆಗೆಯುತ್ತಾರೆ. ಚರ್ಚಿನಲ್ಲಿ ಇಬ್ಬರೂ ಒಂದೇ ಮೇಜಿನಲ್ಲಿ ಕೂರುತ್ತಿದ್ದರು. ನನ್ನಿಂದಾಗದು.

ಇವತ್ತು ಅವರ ಪೆಟ್ಟಿಗೆಯಲ್ಲಿ ನನಗೊಂದು ಚೀಟಿ ಇತ್ತು. ದಪ್ಪ ಪೆನ್ನಿನಲ್ಲಿ, ಅಕ್ಷರಗಳು ಒಂದರ ಮೇಲೊಂದು: 'ಮಾರ್ಲಿಸ್, ಪಾತ್ರೆಗೆ ಅವಸರವಿಲ್ಲ. ದುಃಖ ನಿಧಾನವಾಗಿಯೇ ಇಳಿಯಲಿ. ನಾನು ಕಾಯುತ್ತೇನೆ.'

ಪಾತ್ರೆಗೆ ಕಾಯುವುದೇನಿದೆ? ಅವರ ಹತ್ತಿರ ಇನ್ನೂ ಆರಿರಬಹುದು. ಹೇಗೂ ಅವಸರವಿಲ್ಲವಂತೆ, ಸದ್ಯ ಬದುಕಿದೆ.

ನವೆಂಬರ್ 5

ಹಿಮ. ನೂರ ಆರು ಮೈಲಿ.

ನವೆಂಬರ್ 19, ಸೋಮವಾರ

ಓಪಲ್ ಪೆಟ್ಟಿಗೆಯ ಮುಂದೆ ಹಿಮದಲ್ಲಿ ಹೆಜ್ಜೆಗಳೇ ಹೆಜ್ಜೆಗಳು. ಹೋಗಿ ಬಂದು, ಹೋಗಿ ಬಂದು, ಒಂದು ಕಾಲುದಾರಿಯೇ ಆಗಿದೆ. ಯಾರ ಕಾಗದಕ್ಕೆ ಇಷ್ಟೊಂದು ಕಾಯುತ್ತಿದ್ದಾರೋ. ನಾನು ಹಾಕಿದ್ದು ಕರೆಂಟ್ ಬಿಲ್ಲು ಮತ್ತು ಬೀಜದ ಕ್ಯಾಟಲಾಗು.

ಮನೆಗೆ ಬಂದರೆ ಕಾಫಿ ಇಲ್ಲದಿರುವುದು ಇನ್ನೂ ಅಭ್ಯಾಸವಾಗಿಲ್ಲ. ದಿನವೂ ನಾನು ಖಾಲಿ ಪೆಟ್ಟಿಗೆಗಳನ್ನು ಇಳಿಸಿ ಬಾಗಿಲು ತೆಗೆಯುವ ಹೊತ್ತಿಗೆ ಯಂತ್ರ ಗೊರಗೊರ ಎನ್ನುತ್ತಿರುತ್ತಿತ್ತು. ಬೇಗ ಬಂದರೂ ಅಷ್ಟೇ, ತಡವಾಗಿ ಬಂದರೂ ಅಷ್ಟೇ. ಗೋದಾಮಿನ ಯಂತ್ರಗಳು ಅವನ ಕಿವಿಯನ್ನು ಮುಕ್ಕಾಲು ತಿಂದಿದ್ದವು, ಅಂಗಳಕ್ಕೆ ಕಾರು ಬಂದದ್ದು ಕೇಳುವ ಹಾಗೇ ಇರಲಿಲ್ಲ. ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ಎಂದುಕೊಂಡಿದ್ದೆ. ಕೇಳಲೇ ಇಲ್ಲ.

ನವೆಂಬರ್ 22

ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟಕ್ಕೆ ರೋಲಿಯ ಹೆಂಡತಿ ಕರೆದಿದ್ದಳು. ನೆಗಡಿ ಎಂದು ಹೇಳಿ ಮನೆಯಲ್ಲೇ ಉಳಿದೆ. ಒಂದು ಮೊಟ್ಟೆ ಬೇಯಿಸಿಕೊಂಡೆ.

ಡಿಸೆಂಬರ್ 6, ಗುರುವಾರ

ಬೇರೆಲ್ಲಕ್ಕಿಂತ ಮೊದಲು ಇದನ್ನು ಬರೆದುಬಿಡುತ್ತೇನೆ.

ಹನ್ನೊಂದೂವರೆಗೆ ಓಪಲ್ ಮನೆಯ ತಿರುವಿಗೆ ಬಂದೆ. ಪೆಟ್ಟಿಗೆಯ ಕಂಬದ ಬುಡದಲ್ಲಿ ಯಾರೋ ನೀಲಿ ಕೋಟು ಎಸೆದ ಹಾಗೆ ಕಾಣಿಸಿತು. ಹತ್ತಿರ ಹೋದರೆ ಕೋಟಿನೊಳಗೆ ಅವರಿದ್ದರು. ಕೆಳಗೆ ಗಾಜಿನಂಥ ಮಂಜುಗಡ್ಡೆ. ಒಂದು ಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ತುಟಿ ನೀಲಿ.

"ಓಪಲ್! ಓಪಲ್, ನಾನು ಮಾರ್ಲಿಸ್. ಯಾವಾಗ ಬಿದ್ರಿ?"

"ಬಂದ್ಯಾ?" ಎಂದರು. "ಮೂರು ಸಲ ಬಂದು ನೋಡಿದೆ ಕಣಮ್ಮ. ಗೊತ್ತೇ ಆಗಲ್ಲ ನೋಡು ಈಗ."

ಏನು ಹೇಳುತ್ತಿದ್ದಾರೋ ತಿಳಿಯಲಿಲ್ಲ. ನನ್ನ ಕೋಟು ತೆಗೆದು ಹೊದಿಸಿದೆ, ಕಾರಿನಲ್ಲಿದ್ದ ಕಂಬಳಿ ಹೊದಿಸಿದೆ, ಅದರ ಮೇಲೆ ಖಾಲಿ ಅಂಚೆಚೀಲಗಳನ್ನೂ ಹೊದಿಸಿದೆ. ಆ ತಿರುವಿನಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಅವರ ಅಡುಗೆಮನೆಗೆ ಓಡಿಹೋಗಿ ಆಂಬುಲೆನ್ಸಿಗೆ ಹೇಳಿದೆ. ಮೇಜಿನ ಮೇಲೆ ಒಂದು ರೇಡಿಯೋ ಇತ್ತು, ಸುಯ್ಯೆನ್ನುತ್ತಿತ್ತು. ನಮ್ಮನೆಯಲ್ಲಿ ಆ ದಿನ ಬಂದ ಅದೇ ಸದ್ದು. ಫೋನಿನಲ್ಲಿ ಮಾತಾಡುತ್ತಲೇ ಕೈ ಚಾಚಿ ಅದನ್ನು ಆರಿಸಿದೆ. ಈ ಮುದುಕರೆಲ್ಲ ಯಾಕೆ ಖಾಲಿ ರೇಡಿಯೋ ಹಾಕಿಕೊಂಡು ಕೂರುತ್ತಾರೆ?

ಆಂಬುಲೆನ್ಸ್ ಬರಲು ನಲವತ್ತು ನಿಮಿಷ. ಅಷ್ಟು ಹೊತ್ತೂ ಅವರ ಪಕ್ಕದಲ್ಲಿ ಮಂಜುಗಡ್ಡೆಯ ಮೇಲೇ ಕೂತಿದ್ದೆ, ಕೈ ಉಜ್ಜುತ್ತಾ.

"ನಿನ್ನ ಅಂಚೆ ತಡವಾಗತ್ತೆ" ಎಂದರು.

"ಅಂಚೆ ಹಾಳಾಗ್ಲಿ."

"ಛೇ, ಹಾಗೆಲ್ಲ ಅನ್ಬೇಡ. ಸರ್ಕಾರಿ ಕೆಲಸ" ಎಂದರು.

ಡಿಸೆಂಬರ್ 16, ಭಾನುವಾರ

ಹತ್ತಿರದ ಪಟ್ಟಣ ಮೈನಾಟಿನ ಆಸ್ಪತ್ರೆಯಲ್ಲಿ ಸೊಂಟದ ಮೂಳೆಗೆ ಆಪರೇಷನ್ ಮುಗಿಸಿ ಓಪಲ್‌ರನ್ನು ಊರಿನ ವೃದ್ಧಾಶ್ರಮಕ್ಕೆ ತಂದಿದ್ದಾರೆ. ನೋಡಲು ಹೋಗಿದ್ದೆ. ಔಷಧದ ಮಂಪರಿನಲ್ಲಿ ಮಲಗಿದ್ದರು. ಅವರ ತಂಗಿಯ ಮಗ ಗೇಲನ್ ಕಾರಿಡಾರಿನಲ್ಲಿ ಸಿಕ್ಕ.

"ನೀವೇ ಅಲ್ವಾ ಅಂಚೆಯವರು? ನಿಮ್ಮ ಕಾರಿನ ಹಾಡಿನ ವಿಷಯ ಹೇಳ್ತಾನೇ ಇರ್ತಾರೆ ದೊಡ್ಡಮ್ಮ."

"ಯಾವ ಹಾಡು?"

ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ನನ್ನ ಕಾರು ಅವರ ಪೆಟ್ಟಿಗೆಯ ಹತ್ತಿರ ನಿಂತರೆ, ಡಬ್ಬಿಯ ಹಾಡು ಗೋಡೆಯಾಚೆ ಅವರ ರೇಡಿಯೋದಲ್ಲೂ ಕೇಳಿಸುತ್ತಿತ್ತು. ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ. ಕಣ್ಣು ಕಾಣದು, ಚಳಿಗೆ ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಹೊಡೆದಿದೆ, ರಸ್ತೆಯಲ್ಲಿ ದಿನವಿಡೀ ಟ್ರಕ್ಕುಗಳು. ಹಾಡು ಬಂದರೆ ಅಂಚೆ ಬಂತು ಎಂದು ಲೆಕ್ಕ. ಆಮೇಲೆ ಕೋಟು ಹಾಕಿಕೊಂಡು ಒಂದೇ ಸಲ ಹೋಗಿ ತರುತ್ತಿದ್ದರು.

"ಸೆಪ್ಟೆಂಬರಿಂದ ಬರ್ತಿಲ್ಲವಂತೆ. ಅಂದಾಜಿನ ಮೇಲೆ ದಿನಕ್ಕೆ ಮೂರು ನಾಲ್ಕು ಸಲ ಹೋಗಿ ನೋಡೋರು."

"ನಂಗೆ ಒಂದು ಮಾತು ಹೇಳ್ಬಹುದಿತ್ತಲ್ಲ!"

"ನಾನೂ ಅದೇ ಅಂದೆ. 'ಸಾವಾದ ಮನೆಯವಳಿಗೆ ಹಾಡು ಹಾಕು ಅಂತ ಹೇಳೋದೇನೋ? ಅವಳ ದುಃಖ ಇಳಿದ ಮೇಲೆ ಅವಳೇ ಹಾಕ್ತಾಳೆ, ನಾನು ಕಾಯ್ತೀನಿ' ಅಂದ್ರು."

ಇಲ್ಲಿಯ ಜನ ಹೀಗೆ. ಕಾಲು ಮುರಿದುಕೊಂಡಾರು, ಇನ್ನೊಬ್ಬರಿಗೆ ತೊಂದರೆ ಕೊಡಲಾರರು. ನಾನೂ ಇಲ್ಲಿಯವಳೇ. ಒಂದು ಪಾತ್ರೆ ಕೊಡಲು ಬಾಗಿಲು ತಟ್ಟಿದ್ದರೆ, ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಕೂತಿದ್ದರೆ, ಮಾತು ಹೇಗೋ ಹೊರಗೆ ಬರುತ್ತಿತ್ತು. ಹನ್ನೊಂದು ವಾರ ಆ ಪಾತ್ರೆಯನ್ನು ಹಿಂದಿನ ಸೀಟಿನಲ್ಲಿ ಮೆರವಣಿಗೆ ಮಾಡಿಸಿದೆ.

ಡಬ್ಬಿಯನ್ನು ತೆಗೆದುಕೊಂಡು ಹೋಗಿ ಒಬ್ಬನನ್ನು ಕಳೆದುಕೊಂಡೆ, ಆರಿಸಿಟ್ಟು ಇನ್ನೊಬ್ಬರನ್ನು ಕೆಡವಿದೆ. ನನ್ನ ಕೈಗೆ ಅದು ಸಿಗಲೇಬಾರದಿತ್ತು.

ಡಿಸೆಂಬರ್ 17

ಓಪಲ್ ಮನೆಯ ಮುಂದೆ ನಿಂತಾಗ ಡಬ್ಬಿ ಹಾಕಿದೆ. ಒಂದು ಹಾಡು ಪೂರ್ತಿ ಕೇಳಿಸಿದೆ. ಒಳಗೆ ಯಾರಿದ್ದಾರೆ ಕೇಳಲು? ಪೆಟ್ಟಿಗೆಗೆ ಹಾಕಲು ಕಾಗದವೂ ಇರಲಿಲ್ಲ.

2008 ಜನವರಿ 13, ಭಾನುವಾರ

ಡಬ್ಬಿ, ಮನೆಯ ಸ್ಟ್ಯಾಂಡು, ಆಂಟೆನಾದ ತಂತಿ, ಗೇಲನ್ ತಂದುಕೊಟ್ಟ ಓಪಲ್‌ರ ಅಡುಗೆಮನೆಯ ರೇಡಿಯೋ, ಎಲ್ಲ ಹೊತ್ತುಕೊಂಡು ವೃದ್ಧಾಶ್ರಮಕ್ಕೆ ಹೋದೆ. ಅವರ ಕೋಣೆಗೆ ಉತ್ತರದ ಕಿಟಕಿ. ಉತ್ತರದಲ್ಲಿ ಈ ಡಬ್ಬಿಗೆ ಏನೂ ಸಿಗುವುದಿಲ್ಲ. ಕೊನೆಗೆ ಊಟದ ಮನೆಯ ದಕ್ಷಿಣದ ಕಿಟಕಿಗೆ ಆಂಟೆನಾ ಅಂಟಿಸಿ, ಗಾಲಿಕುರ್ಚಿಯನ್ನು ಅಲ್ಲಿಗೇ ತಳ್ಳಿಕೊಂಡು ಹೋದೆ.

ಓಪಲ್ ಸಣ್ಣಗಾಗಿದ್ದಾರೆ. ಮನೆಗೆ ಹೋಗುವ ಮಾತು ಈಗ ಯಾರೂ ಎತ್ತುವುದಿಲ್ಲ. ಚಾನಲ್ಲು ತಿರುಗಿಸುತ್ತಾ ಹೋದೆ, ಹಾಡು ದಾಟಿ ದೊಡ್ಡ ಊರುಗಳ ಟ್ರಾಫಿಕ್ಕಿನ ಸುದ್ದಿ ಬಂತು.

"ಇರ್ಲಿ, ಇರ್ಲಿ, ಇದೇ ಇರ್ಲಿ" ಎಂದರು.

ಅಟ್ಲಾಂಟದಲ್ಲಿ ಲಾರಿ ಮಗುಚಿಕೊಂಡಿತ್ತು. ಮೂರು ಸಾಲಿನ ರಸ್ತೆ ಬಂದ್, ಒಂಬತ್ತು ಮೈಲಿ ಕಾರುಗಳು ನಿಂತಿವೆ.

"ಅಯ್ಯೋ ಪಾಪ, ಎಲ್ಲಾ ಮನೆಗೆ ಹೋಗೋರು. ಅಡುಗೆ ಆರಿಹೋಗತ್ತೆ" ಎಂದರು. ಅರ್ಧ ಗಂಟೆಯಾದ ಮೇಲೆ, "ಅಟ್ಲಾಂಟದವರು ಬಿಡುಗಡೆಯಾದ್ರಾ?" ಎಂದು ಕೇಳಿದರು. ಆದರು ಎಂದೆ. ಕೈ ಮುಗಿದುಕೊಂಡರು. ನಾನು ನಕ್ಕೆ. ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕಿದ್ದೆ.

ಹೊರಡುವಾಗ ಡಬ್ಬಿಯನ್ನು ತೆಗೆಯಹೋದೆ. ಅವರು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಆ ಕಡೆ ನೋಡಿದರು. ಅಲ್ಲೇ ಬಿಟ್ಟು ಬಂದೆ.

ಜನವರಿ 22

ಮೈನಸ್ ಮೂವತ್ತೊಂದು. ಕಾರಿನ ಸ್ಟ್ಯಾಂಡು ಖಾಲಿ. ದಾರಿಯಲ್ಲಿ ನಾನೇ ಹಾಡಿಕೊಂಡೆ, ಕೆಟ್ಟದಾಗಿ. ಸಂಜೆ ಓಪಲ್ ಹತ್ತಿರ ಹೋದರೆ ಹ್ಯೂಸ್ಟನ್ನಿನ ಸೇತುವೆ ಮೇಲೆ ಯಾರದೋ ಹಾಸಿಗೆ ಬಿದ್ದಿದೆಯಂತೆ.

ಫೆಬ್ರವರಿ 10, ಭಾನುವಾರ

ಇವತ್ತು ಓಪಲ್‌ರ ಮನಸ್ಸು ತಿಳಿಯಾಗಿತ್ತು. ನಾನು ಕ್ಷಮೆ ಕೇಳಿದೆ. ಎರಡು ತಿಂಗಳಿಂದ ಹೇಳಬೇಕೆಂದಿದ್ದ ಮಾತು.

"ನಿಮಗೆ ಆ ಹಾಡಿನ ಲೆಕ್ಕ ಇದೆ ಅಂತ ಗೊತ್ತಿದ್ದಿದ್ರೆ..."

"ನಿಂಗೆ ಗೊತ್ತಾಗ್ಬಾರದು ಅಂತಲೇ ಇತ್ತಲ್ಲೇ" ಎಂದು ನಕ್ಕರು. "ನಿಮ್ಮಣ್ಣ ನನ್ನ ಹತ್ರ ಮಾತು ತಗೊಂಡಿದ್ದ."

"ಯಾರು, ಲೀಲಂಡಾ?"

"ಅವನೇ ಹೇಳ್ಕೊಟ್ಟಿದ್ದು. ಎರಡು ವರ್ಷ ಆಯ್ತು. ಚರ್ಚಲ್ಲಿ ಕಾಫಿ ಕುಡೀವಾಗ, ಅಂಚೆ ಬಂದಿದ್ದೇ ತಿಳಿಯಲ್ಲ ಕಣೋ ಅಂದೆ. 'ಓಪಲ್, ರೇಡಿಯೋನ ಎಂಬತ್ತೆಂಟು ಪಾಯಿಂಟ್ ಒಂದಕ್ಕೆ ಇಟ್ಟುಬಿಡಿ' ಅಂದ. 'ಸುಯ್ ಅನ್ನತ್ತೆ, ಅನ್ಲಿ. ಯಾವಾಗ ಹಾಡತ್ತೋ ಆಗ ನಮ್ಮ ಮಾರ್ಲಿಸ್ ಬಂದ್ಲು ಅಂತ. ನಾನೂ ದಿನಾ ಹಾಗೇ ಮಾಡೋದು. ಎರಡೂವರೆಗೆ ಕಾಫಿಗೆ ಎಲ್ಲಾ ಹಾಕಿಟ್ಟು, ರೇಡಿಯೋನ ಒಳ್ಳೆ ಕಿವಿ ಹತ್ರ ಇಟ್ಕೊಂಡು ಕೂತ್ಕೋತೀನಿ. ಅವಳ ಹಾಳು ಹಾಡು ಬಂತೋ, ಸ್ವಿಚ್ ಒತ್ತೋದು. ಹೇಗೆ ಗೊತ್ತಾಗತ್ತೆ ಅಂತ ಅವಳಿಗೆ ತಿಳಿದಿಲ್ಲ. ಹೇಳ್ಬೇಡಿ ಮತ್ತೆ, ಇದೊಂದರಲ್ಲಾದ್ರೂ ಗೆದ್ದಿರ್ತೀನಿ' ಅಂದ."

ಓಪಲ್ ನನ್ನ ಕೈ ಹುಡುಕಿ ಹಿಡಿದುಕೊಂಡರು. ರೇಡಿಯೋದಲ್ಲಿ ಯಾವುದೋ ಊರಿನ ರಸ್ತೆ ಸರಾಗವಾಗಿತ್ತು.

ಹಂಗಿಸಲು ಅಲ್ಲ. ಆಟಕ್ಕಾಗಿಯೂ ಅಲ್ಲ. ಬೆಳಿಗ್ಗೆ ಅಷ್ಟು ಮಾತು ಅನ್ನಿಸಿಕೊಂಡ ಮೇಲೂ ನೀರು ಹಾಕಿಟ್ಟು, ಪುಡಿ ಹಾಕಿಟ್ಟು, ನಾನು ಬರುವುದನ್ನು ಕಾಯುತ್ತಾ ಕೂತಿದ್ದ. ನನ್ನ ಹಾಡು ಬರಲಿ ಎಂದು ಆ ಸುಯ್ ಸದ್ದಿಗೆ ಕಿವಿಗೊಟ್ಟಿದ್ದ. ಆ ದಿನ ನಾನು ಅಂಗಳಕ್ಕೆ ಬಂದಾಗ ಡಬ್ಬಿ ಹಾಡುತ್ತಲೇ ಇತ್ತು. ಒಳಗೆ ಅವನ ಪಕ್ಕದ ರೇಡಿಯೋದಲ್ಲಿ ಖಂಡಿತ ಬಂದಿರುತ್ತದೆ. ನಾನು ಕಾರು ಆರಿಸುವ ತನಕ ಅವನ ಕಿವಿಯ ಹತ್ತಿರ ಹಾಡಿರುತ್ತದೆ.

ಕೆಲವೇ ನಿಮಿಷ ತಡವಾಯಿತು. ಆ ದಿನ ಪೀಟರ್ಸನ್ನರ ಗೇಟಿನ ಹತ್ತಿರ ನಿಂತು ಹರಟೆ ಹೊಡೆದಿದ್ದೆ.

ಇಡೀ ಚಳಿಗಾಲದಲ್ಲಿ ಅಳದೆ ಉಳಿಸಿಕೊಂಡದ್ದನ್ನೆಲ್ಲ ಇವತ್ತು ಅತ್ತು ಮುಗಿಸಿದೆ. ಮುಗಿದಿಲ್ಲ, ಸುಮ್ಮನೆ ಬರೆದೆ.

ಮಾರ್ಚ್ 13, ಗುರುವಾರ

ಓಪಲ್ ನಿನ್ನೆ ಮಧ್ಯಾಹ್ನ ಹೋದರು. ಊಟದ ಮನೆಯ ಕಿಟಕಿಯ ಹತ್ತಿರವೇ, ಬಿಸಿಲಲ್ಲಿ. ರೇಡಿಯೋ ಹಾಕಿತ್ತಂತೆ. ನಿದ್ದೆ ಬಂದಿದೆ ಎಂದುಕೊಂಡು ಯಾರೂ ಎಬ್ಬಿಸಲಿಲ್ಲವಂತೆ.

ಮಾರ್ಚ್ 15, ಶನಿವಾರ

ಓಪಲ್‌ರ ಅಂತ್ಯಕ್ರಿಯೆಯ ನಂತರ ಚರ್ಚಿನ ನೆಲಮಾಳಿಗೆಯಲ್ಲಿ ನಡೆದ ಊಟಕ್ಕೆ ಎಲ್ಲರ ಹಾಗೆ ನಾನೂ ಮಾಡಿಕೊಂಡು ಹೋದೆ. ಆಲೂಗಡ್ಡೆಯೇ. ಅವರ ಪಾತ್ರೆಯಲ್ಲೇ ಮಾಡಿದೆ, ತಳದ ಟೇಪು ತೆಗೆಯಲಿಲ್ಲ. ತೊಳೆಯುವ ಹೆಂಗಸರು ಅದನ್ನು ತಿರುಗಿಸಿ ನೋಡಿ, "ಇದೇನು, ಓಪಲ್ಲೇ ತಂದಿದಾರಾ?" ಎಂದರು. ಪಾತ್ರೆಯನ್ನು ಗೇಲನ್ ಕೈಗೆ ಕೊಟ್ಟೆ. ನೀವೇ ಇಟ್ಟುಕೊಳ್ಳಿ ಎಂದ. ಒಂದು ಕಾಗದದ ಚೀಲದಲ್ಲಿ ಡಬ್ಬಿ, ಸ್ಟ್ಯಾಂಡು, ತಂತಿ ಸುತ್ತಿ ತಂದಿದ್ದ.

ಏಪ್ರಿಲ್ 2, ಬುಧವಾರ

ರಸ್ತೆಯಲ್ಲಿ ಕೆಸರು. ಎರಡು ಕಡೆ ಕಾರು ಹೂತುಕೊಂಡಿತು. ಇವತ್ತು ಈ ವರ್ಷದ ಮೊದಲ ಮಧ್ಯಾಹ್ನದ ಆಟ. ಹನ್ನೆರಡರಿಂದ ದಾರಿಯುದ್ದಕ್ಕೂ ಅದನ್ನೇ ಕೇಳಿದೆ. ಚೆಂಡೆಸೆಯಲು ಹೊಸ ಹುಡುಗನೊಬ್ಬ ಬಂದಿದ್ದಾನೆ, ಎಡಗೈಯವನು, ವೇಗವಿದೆ, ಗುರಿಯಿಲ್ಲ. ಇವನನ್ನು ಇಷ್ಟು ಬೇಗ ಇಳಿಸಬಾರದಿತ್ತು. ಮೂರನೇ ಬೇಸ್ ಕಾಯುವ ಹುಡುಗನ ಮೊಣಕಾಲು ಇನ್ನೂ ಸರಿಯಾಗಿಲ್ಲ. ಕಚೇರಿಯಲ್ಲಿ ರೋಲಿಗೆ ಇದನ್ನೇ ಹೇಳಿದರೆ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದ. ಅವನಿಗೆ ಆಟ ಗೊತ್ತಿಲ್ಲ.

ಬೆಳಿಗ್ಗೆ ಹೊರಡುವ ಮುಂಚೆ ಕಾಫಿ ಯಂತ್ರಕ್ಕೆ ನೀರು, ಪುಡಿ ಹಾಕಿಟ್ಟಿದ್ದೆ. ಅಡುಗೆಮನೆಯ ರೇಡಿಯೋವನ್ನು ಕುರ್ಚಿಯ ಪಕ್ಕ, ಅವನ ಒಳ್ಳೆಯ ಕಿವಿಯಿದ್ದ ಕಡೆ ಇಟ್ಟು, ಎಂಬತ್ತೆಂಟು ಪಾಯಿಂಟ್ ಒಂದಕ್ಕೆ ತಿರುಗಿಸಿ, ಸುಯ್ಯೆನ್ನಲು ಬಿಟ್ಟು ಹೋಗಿದ್ದೆ.

ಮೂರಕ್ಕೆ ಹತ್ತು ನಿಮಿಷ ಇರುವಾಗ ಅಂಗಳಕ್ಕೆ ಬಂದೆ. ಯಾವ ಗೇಟಿನ ಹತ್ತಿರವೂ ನಿಲ್ಲಲಿಲ್ಲ. ಕಾರು ಆರಿಸದೆ, ಡಬ್ಬಿಯನ್ನು ಸ್ಟ್ಯಾಂಡಿನಲ್ಲೇ ಬಿಟ್ಟು ಇಳಿದೆ. ಬಾಗಿಲು ತೆಗೆಯುವ ಮುಂಚೆಯೇ ಒಳಗಿನಿಂದ ಆಟ ಕೇಳಿಸಿತು. ಯಾರೋ ಮನೆಯಲ್ಲಿದ್ದಾರೆ ಎನ್ನುವ ಹಾಗೆ ಜೋರಾಗಿ ಕೇಳಿಸಿತು. ಎಂಟನೇ ಸುತ್ತು, ಆರು ರನ್ ಹಿಂದೆ.

ಕೋಟು ತೆಗೆಯಲಿಲ್ಲ. ನೇರ ಹೋಗಿ ಸ್ವಿಚ್ಚು ಒತ್ತಿದೆ. ಅದು ಗೊರಗೊರ ಎನ್ನುವ ತನಕ ಅಲ್ಲೇ ನಿಂತಿದ್ದೆ.

"ಬಂದೆ ಕಣೋ" ಎಂದೆ. "ನಿನ್ನ ತಂಡ ಸೋಲ್ತಾ ಇದೆ."

ಆಟ ಮುಗಿಯುವ ತನಕ ಕಾರು ಅಂಗಳದಲ್ಲಿ ಆರದೆ ನಿಂತಿತ್ತು.